ಪಾದ್ರಿಯ ಮದುವೆಗೊಬ್ಬ ಪಾದ್ರಿ

ನಲವತ್ತು ದಾಟಿದ ಲೋವ್ರಿಗೆ ಮದುವೆಯ ದಿನ ಬೆಳಿಗ್ಗೆ ಅಳು ಬರಲಿಲ್ಲ, ಹಸಿವಾಯಿತು. ಮದುವೆಯ ರೇಷ್ಮೆ ಉಟ್ಟುಕೊಂಡೇ ದೊಡ್ಡಮನೆಯ ಅಡುಗೆಕೋಣೆಗೆ ಹೋಗಿ, ಓಟ್ ಹಿಟ್ಟಿನ ರೊಟ್ಟಿಗೆ ಬೆಣ್ಣೆ ಬಳಿದುಕೊಂಡು ನಿಂತಲ್ಲೇ ತಿಂದಳು. ಮೇಲೊಂದು ಬಟ್ಟಲು ಮಜ್ಜಿಗೆಯನ್ನೂ ಕುಡಿದಳು.

ಅವಳ ಅಣ್ಣ ಆ ಕಣಿವೆಯ ಜಮೀನ್ದಾರ. ಅವನು ತೀರಿಕೊಂಡಾಗ ಮಗ ಇನ್ನೂ ತೊಟ್ಟಿಲಲ್ಲಿದ್ದ. ಅಂದಿನಿಂದ ಹೊಲಗದ್ದೆ, ಕುರಿಮಂದೆ, ಗೇಣಿದಾರರ ಬೇಲಿಜಗಳ ಎಲ್ಲವೂ ಲೋವ್ರಿಯ ಹೆಗಲಿಗೆ ಬಿತ್ತು. ಈಗ ಹುಡುಗ ಬೆಳೆದು ದೊಡ್ಡವನಾಗಿ ಹೆಂಡತಿಯನ್ನೂ ತಂದಿದ್ದ. ಲೋವ್ರಿ ಬೀಗದ ಕೈಗಳ ಗೊಂಚಲನ್ನು ಆ ಹುಡುಗಿಯ ಕೈಗೆ ಹಾಕಿ, "ಇನ್ನು ನಿಮ್ಮ ಪಾಡು ನಿಮ್ಗೆ" ಎಂದು ಕೈ ಕೊಡವಿಬಿಟ್ಟಿದ್ದಳು.

ಮದುಮಗ ಆ ಊರಿನ ಪಾದ್ರಿ ಮ್ಯೂರಿಗ್. ಬೋಧನೆಗೆ ವೇದಿಕೆ ಹತ್ತಿದರೆ ಸಿಂಹ, ಇಳಿದರೆ ಇಲಿ. ವರ್ಷಗಟ್ಟಲೆ ಪ್ರತಿ ಗುರುವಾರ ದೊಡ್ಡಮನೆಗೆ ಬಂದು ಚಹಾ ಕುಡಿದು, ಮಳೆ ಗಾಳಿಯ ಸಮಾಚಾರ ಆಡಿ ಎದ್ದುಹೋಗುತ್ತಿದ್ದ. ಕಳೆದ ಚಳಿಗಾಲದಲ್ಲಿ ಲೋವ್ರಿಯ ತಾಳ್ಮೆ ತಪ್ಪಿತು.

"ಅಯ್ನೋರೇ, ಮಳೆ ವಿಷ್ಯ ಮುಗೀತಾ?"

"ಮುಗೀತು."

"ಹಾಗಾದ್ರೆ ನನ್ನನ್ನ ಮದ್ವೆ ಆಗ್ತೀಯಾ ಅಂತ ಕೇಳಿ."

"ಆ... ಆಗ್ತೀಯಾ?"

"ಆಗ್ತೀನಿ. ನೋಡಿ, ಇಷ್ಟೇ ಮಾತು. ಇದಕ್ಕೆ ಇಷ್ಟು ವರ್ಷ ಬೇಕಿತ್ತಾ?"

ತೊಡಕು ಬೇರೆಯೇ ಇತ್ತು. ಕಣಿವೆಯ ಮದುವೆಗಳನ್ನೆಲ್ಲ ಮಾಡಿಸುವ ಮ್ಯೂರಿಗ್ ತನ್ನ ಮದುವೆಯನ್ನು ತಾನೇ ಮಾಡಿಸಿಕೊಳ್ಳುವಂತಿಲ್ಲ. ಬೆಟ್ಟದಾಚೆಯ ಮುದಿ ಪಾದ್ರಿ ಎಡ್ನಿವೆಡ್ ಒಪ್ಪಿಕೊಂಡಿದ್ದರು. ಆದರೆ ಮದುವೆಯ ಮಾರನೆಯ ದಿನವೇ ಅವರು ಕಾಲಿನ ವಾತಕ್ಕೆಂದು ದೂರದ ಬಿಸಿನೀರ ಬುಗ್ಗೆಗೆ ಹೊರಡುವವರಿದ್ದರು. ಹೋದರೆ ಬರುವುದು ಸುಗ್ಗಿ ಮುಗಿದ ಮೇಲೆಯೇ. ಸಾಲದ್ದಕ್ಕೆ, ಮಧ್ಯಾಹ್ನ ಹನ್ನೆರಡು ದಾಟಿದರೆ ಮದುವೆ ಮಾಡಿಸಕೂಡದೆಂಬ ಕಾನೂನು ಬೇರೆ.

ಚರ್ಚಿನ ತುಂಬ ಜನ. ಹೊತ್ತು ಏರುತ್ತಾ ಹೋಯಿತು. ಎಡ್ನಿವೆಡ್ ಪತ್ತೆಯೇ ಇಲ್ಲ. ಬಾಗಿಲಲ್ಲಿ ಮ್ಯೂರಿಗ್ ಮುಖ ಸುಣ್ಣದಂತಾಗಿತ್ತು. ಲೋವ್ರಿ ಬೆಟ್ಟದ ದಾರಿಯನ್ನೊಮ್ಮೆ ನೋಡಿದವಳೇ ತನ್ನ ಕಂದು ಕುದುರೆಯ ಲಗಾಮು ಹಿಡಿದಳು.

"ಲೋವ್ರಿ, ಮದುಮಗಳು ಹೀಗೆ ಹೋಗೋದಾ?" ಎಂದ ಮ್ಯೂರಿಗ್.

"ನೀವು ಹೋದ್ರೆ ದಾರೀಲಿ ಸಿಕ್ಕೋರಿಗೆಲ್ಲ ಯೋಗಕ್ಷೇಮ ಕೇಳ್ತಾ ಸಂಜೆ ಮಾಡ್ತೀರಿ. ಇಲ್ಲೇ ಇದ್ದು ಜನ ಎದ್ದುಹೋಗದ ಹಾಗೆ ನೋಡ್ಕೊಳ್ಳಿ!"

ರೇಷ್ಮೆಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಕುದುರೆ ಬಿಟ್ಟಳು. ಗಾಳಿಗೆ ಟೊಪ್ಪಿಗೆ ಹಾರಿಹೋಯಿತು. ತಿರುಗಿ ನೋಡಲಿಲ್ಲ. ಹೀಗೆ ಓಡಿಸದೆ ಎಷ್ಟೋ ಕಾಲವಾಗಿತ್ತು. ಅವಸರದ ನಡುವೆಯೂ ಅವಳಿಗೆ ನಗು ಉಕ್ಕಿ ಬಂತು.

ಬೆಟ್ಟದ ತಪ್ಪಲಲ್ಲಿ ಇಥೆಲನ ಕುಲುಮೆ. ವಾರವಿಡೀ ಕಬ್ಬಿಣ ಬಡಿಯುವ ಇಥೆಲ್ ಭಾನುವಾರ ಒಂದು ಕೊಟ್ಟಿಗೆಯಲ್ಲಿ ತನ್ನ ಪಂಗಡದವರಿಗೆ ಬೋಧನೆ ಮಾಡುತ್ತಿದ್ದ. ಊರ ಚರ್ಚಿನ ಹೊಸ್ತಿಲು ತುಳಿಯುವುದಿಲ್ಲವೆಂದು ಹಟ ಹಿಡಿದ ಆಸಾಮಿ. ಅವನ ಅಂಗಳದಲ್ಲಿ ಎಡ್ನಿವೆಡ್‌ರ ಕುದುರೆ ಒಂದು ಕಾಲಿಗೆ ಲಾಳವಿಲ್ಲದೆ ನಿಂತು ಹುಲ್ಲು ಮೇಯುತ್ತಿತ್ತು. ಒಳಗೆ ಕುಲುಮೆಯ ಬೆಂಕಿ ಆರುತ್ತಾ ಬಂದಿತ್ತು. ಮಗುಚಿದ ಬಕೆಟ್ಟಿನ ಮೇಲೆ ಬಟ್ಟೆ ಸುತ್ತಿದ ಕಾಲನ್ನು ಚಾಚಿ ಎಡ್ನಿವೆಡ್ ಕೂತಿದ್ದರು. ಇಕ್ಕಳದಲ್ಲಿ ತಣ್ಣಗಾದ ಲಾಳ ಹಿಡಿದು ಇಥೆಲ್ ಕೂಗಾಡುತ್ತಿದ್ದ.

"ಹುಟ್ಟೋಕೆ ಮುಂಚೇನೇ ದೇವರು ಬರೆದಿಟ್ಟಿದ್ದಾನೆ ಅಯ್ನೋರೇ! ಸ್ವರ್ಗದ ಬಾಗಿಲಿಗೆ ಯಾರು ಒಳಗೆ, ಯಾರು ಹೊರಗೆ ಅಂತ!"

"ಬರೆದದ್ದು ಬರೆದಾಯ್ತು ಅಂದ್ರೆ ಭಾನುವಾರ ಯಾಕಯ್ಯಾ ಗಂಟಲು ಹರ್ಕೋತೀಯಾ? ಮನುಷ್ಯನಿಗೆ ಸ್ವಂತ ಇಚ್ಛೆ ಅಂತ ಒಂದಿದೆ ಕಣೋ!"

"ಇಥೆಲಣ್ಣಾ!" ಬಾಗಿಲಲ್ಲಿ ನಿಂತ ಲೋವ್ರಿಯ ದನಿಗೆ ಇಬ್ಬರೂ ಬೆಚ್ಚಿಬಿದ್ದರು. "ನನ್ನ ಮದ್ವೆ ಇವತ್ತೇ ಆಗ್ಬೇಕು ಅಂತ ದೇವರು ಬರೆದಿದಾನೋ, ಇಲ್ವೋ?"

ಇಥೆಲ್ ಗಡ್ಡ ಕೆರೆದುಕೊಂಡ. "ಬರೆದಿರ್ಬಹುದು, ಅಮ್ಮಾವ್ರೇ."

"ಬರೆದಿದ್ರೆ ದೇವರ ಕೆಲಸಕ್ಕೆ ಅಡ್ಡ ನಿಂತಿರೋನು ನೀನು! ಇನ್ನು ನೀವು, ಅಯ್ನೋರೇ. ಸ್ವಂತ ಇಚ್ಛೆ ಇದೆ ಅಂದ್ರಲ್ಲ? ಸ್ವಂತ ಇಚ್ಛೆಯಿಂದ ಎದ್ದೇಳಿ!"

ಎಡ್ನಿವೆಡ್ ಹೊಟ್ಟೆ ಕುಲುಕಿಸಿ ನಕ್ಕರು. "ಇಬ್ಬರನ್ನೂ ಒಂದೇ ಕಲ್ಲಲ್ಲಿ ಹೊಡೆದ್ಲು ನೋಡು! ಏಳೋಕೆ ಇಚ್ಛೆ ಇದೆ ಮಗಳೇ, ಕಾಲೇ ಕೇಳ್ತಿಲ್ಲ."

ಲಾಳ ಕಟ್ಟುವಷ್ಟು ಹೊತ್ತಿರಲಿಲ್ಲ. ಇಥೆಲ್ ಪಾದ್ರಿಯನ್ನು ಮೂಟೆಯಂತೆ ಎತ್ತಿ ಲೋವ್ರಿಯ ಕುದುರೆಯ ಮೇಲೆ ಕೂರಿಸಿದ. ಅವನು ಒಂದು ಕಡೆ, ಅವಳು ಇನ್ನೊಂದು ಕಡೆ ಲಗಾಮು ಹಿಡಿದು ಕುರಿಹಾದಿಯಲ್ಲಿ ಇಳಿಜಾರಿಗೆ ಓಡತೊಡಗಿದರು. ಕೆಸರು ಲೋವ್ರಿಯ ಒಂದು ಬೂಟನ್ನು ನುಂಗಿತು. ಇನ್ನೊಂದನ್ನು ಅವಳೇ ಕಿತ್ತೆಸೆದಳು. ಹೊಳೆ ದಾಟುವಾಗ ಇಥೆಲ್ ಮೊಣಕಾಲುದ್ದ ನೀರಲ್ಲಿ ನಿಂತುಬಿಟ್ಟ.

"ನೀರು ಅಂದ್ಮೇಲೆ ನೆನಪಾಯ್ತು. ಏನೂ ತಿಳಿಯದ ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸ್ತೀರಲ್ಲ ನೀವು..."

"ಅದಕ್ಕೇನಾಯ್ತೀಗ?" ಎಡ್ನಿವೆಡ್ ಕುದುರೆಯ ಮೇಲೆಯೇ ಸೆಟೆದು ಕೂತರು.

"ಇನ್ನೊಂದು ಮಾತಾಡಿದ್ರೆ ಇಬ್ಬರಿಗೂ ಇಲ್ಲೇ ದೀಕ್ಷಾಸ್ನಾನ ಮಾಡಿಸ್ತೀನಿ!" ಎಂದಳು ಲೋವ್ರಿ. ಬಾಯಿ ಮುಚ್ಚಿಕೊಂಡು ಇಬ್ಬರೂ ಹೊಳೆ ದಾಟಿದರು.

ಚರ್ಚಿನ ಬಳಿ ಬಂದಾಗ ಒಳಗಿಂದ ನಗೆಯ ಅಲೆ ಕೇಳಿಸಿತು. ಜನರನ್ನು ಹಿಡಿದಿಡಲು ಬೇರೆ ದಾರಿ ಕಾಣದೆ ಮ್ಯೂರಿಗ್ ವೇದಿಕೆ ಹತ್ತಿದ್ದ. ಲೋವ್ರಿ ಬಾಗಿಲಲ್ಲೇ ನಿಂತಳು.

"...ಗುರುವಾರ ಮಳೆ ಬಂದ್ರೆ ನನಗೆ ಹಬ್ಬ," ಎನ್ನುತ್ತಿದ್ದ ಅವನು, ತುಂಬು ಗಂಟಲಿನಲ್ಲಿ. "ನಿಲ್ಲೋವರೆಗೂ ಕೂತ್ಕೊಳ್ಳಿ ಅಂತಿದ್ರು ಅವ್ರು. ನಾನು ಬುಧವಾರ ರಾತ್ರಿ ಮಳೆಗೆ ಪ್ರಾರ್ಥನೆ ಮಾಡ್ತಿದ್ದೆ. ನಿಮ್ಮ ಹುಲ್ಲೆಲ್ಲ ನೆನೆದು ಕೊಳೀತಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತಾ?"

ರೈತರು ಬೆಂಚು ಬಡಿದು ನಕ್ಕರು. ಲೋವ್ರಿಗೆ ಬೆಳಿಗ್ಗೆ ಬಾರದ ಅಳು ಈಗ ಬಂತು. ಮ್ಯೂರಿಗ್ ಅವಳನ್ನು ಕಂಡ. ಕೆಸರು ಹತ್ತಿದ ಬರಿಗಾಲು, ಬಿಚ್ಚಿದ ಕೂದಲು, ಒದ್ದೆ ರೇಷ್ಮೆ. ಕೆಳಗಿಳಿದು ಬಂದು ಅವಳ ಕೈ ಹಿಡಿದುಕೊಂಡ.

"ಎಲ್ಲಾ ಕೇಳಿಸ್ತಾ?"

"ಕೇಳಿಸ್ತು. ಮೇಲೆ ಹತ್ತಿದ್ರೆ ಮಾತ್ರ ಬಾಯಿ ಬರತ್ತೆ ಅಂದಿದ್ರೆ ಮನೇಲಿ ಒಂದು ಏಣಿ ಇಡಿಸ್ತಿದ್ದೆ."

ಎಡ್ನಿವೆಡ್ ಉಸಿರು ಬಿಡದೆ ಓದಿದರು. ಉಂಗುರ ಬೆರಳಿಗೇರಿ ಆಶೀರ್ವಾದ ಮುಗಿದಾಗ ಹನ್ನೆರಡಕ್ಕೆ ಇನ್ನೂ ಒಂದಿಷ್ಟು ಹೊತ್ತು ಮಿಕ್ಕಿತ್ತು. ಹಾಡು ಶುರುವಾದಾಗ ಹಿಂದಿನಿಂದ ದಪ್ಪನೆಯ ಹೊಸ ದನಿಯೊಂದು ಸೇರಿಕೊಂಡಿತು. ತಿರುಗಿ ನೋಡಿದರೆ ಇಥೆಲ್, ಟೊಪ್ಪಿ ತೆಗೆದು, ಹೊಸ್ತಿಲಿನಿಂದ ಎರಡು ಮಾರು ಒಳಗೇ ನಿಂತಿದ್ದ. ಮುದುಕಿಯೊಬ್ಬಳು ಬೆಂಚಿನಲ್ಲಿ ಸರಿದು ಜಾಗ ಬಿಟ್ಟಳು.

ಊಟ ದೊಡ್ಡಮನೆಯ ಕಣದಲ್ಲಿ. ಕುರಿಮಾಂಸದ ಸಾರು, ಗಿಣ್ಣು, ಒಣದ್ರಾಕ್ಷಿ ಹಾಕಿದ ರೊಟ್ಟಿ, ಪೀಪಾಯಿಗಟ್ಟಲೆ ಬಿಯರು. ತಂತಿವಾದ್ಯ ಹಾರ್ಪ್ ನುಡಿಯತೊಡಗಿತು. ಲೋವ್ರಿ ಬರಿಗಾಲಲ್ಲೇ ಕುಣಿದಳು. ಮೊದಲು ಅಣ್ಣನ ಮಗನ ಜೊತೆ, ಆಮೇಲೆ ಕುರುಬರ ಜೊತೆ, ಕೊನೆಗೆ ಕುಣಿತವೇ ಬಾರದ ಗಂಡನ ಜೊತೆ. ಅವನು ಕಾಲು ತುಳಿದಾಗಲೆಲ್ಲ ಅವಳು ಜೋರಾಗಿ ನಕ್ಕಳು.

ಎಡ್ನಿವೆಡ್ ಮಾರನೆಯ ದಿನ ಬುಗ್ಗೆಗೆ ಹೋಗಲಿಲ್ಲ. ಕುದುರೆಗೆ ಲಾಳ ಕಟ್ಟಿಸಬೇಕೆಂದು ಇಥೆಲನ ಮನೆಗೆ ಹೋದವರು ವಾರವಿಡೀ ಅಲ್ಲೇ ಉಳಿದರು. ಅವರ ಕೂಗಾಟ ಹೊಳೆಯಾಚೆಗೂ ಕೇಳುತ್ತಿತ್ತಂತೆ. ಬಿಸಿನೀರಿಗಿಂತ ಬಿಸಿ ಮಾತೇ ವಾಸಿಯೆಂದು ಮುದಿ ಪಾದ್ರಿ ಹೇಳಿಕೊಂಡು ತಿರುಗಿದರು. ಲಾಳ ಕಟ್ಟಲು ಮಾತ್ರ ಇಬ್ಬರಿಗೂ ಪುರಸೊತ್ತಾಗಲಿಲ್ಲ. ಕೊನೆಗೆ ಇಥೆಲನ ಹೆಂಡತಿಯೇ ಸುತ್ತಿಗೆ ಎತ್ತಿಕೊಂಡಳು.