ಮಂಟಪದ ಬಾಗಿಲಿನ ನುಡಿ

ಮನ್ಮಥಪ್ಪನ ಹಾಡಿಗೆ ಮೂರು ನುಡಿ. ಕೊನೆಯದರಲ್ಲಿ ಅವನ ಹೆಸರಿತ್ತು.

ಭಾಲ್ಕಿಯ ಇಪ್ಪತ್ತೆರಡು ಮಂದಿಯ ಮದುವೆ ಬ್ಯಾಂಡಿಗೆ ಅವನು ಹಾಡು ಬರೆಯುತ್ತಿದ್ದ, ನರಸಿಂಗ ಹಾಡುತ್ತಿದ್ದ. ಮೆರವಣಿಗೆಯ ಉದ್ದಕ್ಕೂ ಮೊದಲೆರಡು ನುಡಿ, ಹೆಸರಿನ ನುಡಿ ಮಂಟಪದ ಬಾಗಿಲಲ್ಲಿ. ಅದು ಬ್ಯಾಂಡಿನ ರೂಢಿ. ಆದರೆ ಔರಾದಿರಲಿ ಚಿಂತಾಕಿಯಿರಲಿ, ಯಾವ ಊರಲ್ಲೂ ಬಾಗಿಲು ಮುಟ್ಟಿದೊಡನೆ ಯಾರಾದರೂ ಹಿರಿಯರು ಕೈಯೆತ್ತುತ್ತಿದ್ದರು: "ಬಂದ್ ಮಾಡ್ರಿ, ಮುಹೂರ್ತ ಮೀರ್ಲತ್ತದ!" ಹೀಗೆ ಜಿಲ್ಲೆಗೆಲ್ಲ ಅದು ನರಸಿಂಗನ ಹಾಡಾಯಿತು.

ಈಗ ಬೀದರಿನ ಸಂಗೀತ ಕ್ಲಬ್ಬಿನಲ್ಲಿ ಮನ್ಮಥಪ್ಪ ಸಂಬಳವಿಲ್ಲದ ಸೇವಕ. ಕುರ್ಚಿ ಹಾಕುವವನು, ಮೈಕು ನೋಡಿಕೊಳ್ಳುವವನು. ಇವತ್ತು ಅಲ್ಲಿ ಸನ್ಮಾನ, ನರಸಿಂಗನಿಗೆ.

"ಕಾಕಾ, ನರಸಿಂಗ ಕಾಕಾಂದು ಹಾರ ಎಲ್ಲಿಟ್ಟೀರಿ?" ಕಾರ್ಯದರ್ಶಿ ಸರಿತಾ ಕೇಳಿದಳು.

ಹಾರ ತಂದವನೂ ಅವನೇ. ಕೊಟ್ಟ.

"ಏ ಕವಿ, ಇನ್ನಾ ಕುರ್ಚಿ ಹೊತ್ಕೊಂಡೇ ತಿರಗ್ಲತ್ತಿ?" ಶಾಲು ಹೊದ್ದು ಬಂದ ನರಸಿಂಗ ಬೆನ್ನಿಗೊಂದು ಗುದ್ದಿದ.

"ಯಾರಾರ ತಿರಗಬೇಕಲ್ಲೋ, ನೀ ಕೂಡ್ಬೇಕಂದ್ರ," ಎಂದ ಮನ್ಮಥಪ್ಪ. ನಕ್ಕನಾದರೂ ಕೈಯಲ್ಲಿದ್ದ ಕುರ್ಚಿಯನ್ನು ನೆಲಕ್ಕೆ ಕುಕ್ಕಿದ.

ಹಾಡು ಶುರುವಾಯಿತು. ಹಿಂದೆ ಕ್ಲಬ್ಬಿನ ಹುಡುಗರ ಡ್ರಮ್ಮು, ನಾಲ್ಕು ಟ್ರಂಪೆಟ್ಟು. ನರಸಿಂಗನ ದನಿ ಈಗ ಎಳೆಯಷ್ಟು ತೆಳು, ಮೈಕೇ ಅದರ ಜೀವ. ಆದರೂ ಎರಡನೆಯ ನುಡಿಗೆ ಮಂದಿ ಎದ್ದು ನಿಂತು ಸಿಳ್ಳೆ ಹೊಡೆದರು. ತಾನು ಬರೆದ ಒಂದೊಂದು ಶಬ್ದಕ್ಕೂ ಅವನಿಗೆ ಚಪ್ಪಾಳೆ! ನುಡಿ ಮುಗಿಯಿತು. ಇನ್ನು ಅವನ ಮಾಮೂಲಿ ಆಲಾಪ, ಇನ್ನಷ್ಟು ಸಿಳ್ಳೆ. ಮನ್ಮಥಪ್ಪನಿಗೆ ತಡೆಯಲಾಗಲಿಲ್ಲ. ಮೈಕಿನ ದನಿಯ ಗುಂಡಿಯನ್ನು ಸೊನ್ನೆಗೆ ತಿರುವಿಬಿಟ್ಟ.

ಕಣ್ಣು ಮುಚ್ಚಿ ಕಿವಿಗೆ ಕೈಯಿಟ್ಟಿದ್ದ ನರಸಿಂಗನಿಗೆ ಇದು ತಿಳಿಯಲಿಲ್ಲ. ತುಟಿ ಆಡುತ್ತಲೇ ಇದ್ದವು. ಡ್ರಮ್ಮಿನಡಿ ದನಿ ಹೂತುಹೋಯಿತು. ಆ ತುಟಿಗಳನ್ನೇ ನೋಡುತ್ತಿದ್ದ ಮನ್ಮಥಪ್ಪನಿಗೆ ಥಟ್ಟನೆ ಗೊತ್ತಾಯಿತು, ಅದು ಆಲಾಪವಲ್ಲ, ಮೂರನೆಯ ನುಡಿ. ಗುಂಡಿಯನ್ನು ಹಿಂದಕ್ಕೆ ತಿರುವುವಷ್ಟರಲ್ಲಿ ತುಟಿಗಳು ಅವನ ಹೆಸರನ್ನು ದಾಟಿ ನಿಂತಿದ್ದವು.

ನರಸಿಂಗ ಏದುಸಿರು ಬಿಡುತ್ತ ಕೆಳಗಿಳಿದು ಬಂದ.

"ಇಲ್ಲಿ ಯಾ ಮುಹೂರ್ತನೂ ಇಲ್ಲಲ್ಲೋ, ಅದಕ್ಕ ಹಾಡ್ದೆ. ತಿಂಗಳಿಡೀ ಬಾಯಿಪಾಠ ಮಾಡೀನಿ. ಮಂದಿಗಿ ನಿನ್ನ ಹೆಸರು ಕೇಳ್ತೋ ಇಲ್ಲೋ?"

ಮನ್ಮಥಪ್ಪನ ಕೈ ಇನ್ನೂ ಗುಂಡಿಯ ಮೇಲೇ ಇತ್ತು.

"ಕೇಳ್ತು," ಎಂದ.