ಓರೆಯಾಗಿ ಕೊಯ್ದ ಬೆಲ್ಟ್

ತಂಗಿಯ ಗಂಡ ತನ್ನ ಹಳೆಯ ಕಾರಿಗೆ ಹಗ್ಗ ಕಟ್ಟಿ, ಯಾರದೋ ಟ್ರ್ಯಾಕ್ಟರಿನಿಂದ ಎಳೆಸಿಕೊಂಡು ನನ್ನ ಗ್ಯಾರೇಜಿಗೆ ಬಂದ. ಟ್ರ್ಯಾಕ್ಟರಿನವನು ಹಗ್ಗ ಬಿಚ್ಚಿಕೊಂಡು ಹೊರಟುಹೋದ. ಕಾರಿನ ಸ್ಟೀರಿಂಗ್ ಹಿಡಿದು ಕೂತಿದ್ದವಳು ತಂಗಿ. ಅವಳ ತುಟಿ ಒಡೆದಿತ್ತು, ಒಂದು ಕಣ್ಣು ಊದಿಕೊಂಡು ಮುಚ್ಚಿಹೋಗಿತ್ತು. ನನ್ನ ಪಿತ್ತ ನೆತ್ತಿಗೇರಿತು. ಆದರೆ ಅವನ ಕೈಯಲ್ಲಿ ಜಾಕಿನ ರಾಡ್ ಇತ್ತು, ನನ್ನ ಕೈಯಲ್ಲಿದ್ದದ್ದು ಟೀ ಲೋಟ.

"ಬೆಳಿಗ್ಗೆಯಿಂದ ಸ್ಟಾರ್ಟ್ ಆಗ್ತಿಲ್ಲ ಅತ್ತಿಗೆ," ಎಂದ. "ಇವಳೇ ಏನೋ ಕಿತಾಪತಿ ಮಾಡಿದಾಳೆ, ಗ್ಯಾರೇಜಲ್ಲೇ ಬೆಳೆದವಳಲ್ವಾ! ಏನಾಗಿದೆ ಅಂತ ಹೇಳಿ ಸಾಕು. ಇವಳಿಗೇನು ಮಾಡ್ಬೇಕೋ ನಾನು ನೋಡ್ಕೋತೀನಿ."

"ಮಗೂನ ಎಲ್ಲೋ ಕೂಡಿ ಹಾಕಿದಾನೆ ಅಕ್ಕಾ," ತಂಗಿ ಒಂದೇ ಉಸಿರಿಗೆ ಹೇಳಿದಳು. "ಇವತ್ತು ಅವನ ಅಣ್ಣನ ಊರಿಗೆ ಸಾಗಿಸ್ತಾನಂತೆ. ನಾನಿನ್ನು ಅವಳ ಮುಖಾನೂ ನೋಡೋ ಹಾಗಿಲ್ವಂತೆ..."

ಅವನು ಕಿಟಕಿಯೊಳಗೆ ಕೈ ಹಾಕಿ ಅವಳ ತಲೆಯನ್ನು ಬಾಗಿಲಿಗೆ ಅಪ್ಪಳಿಸಿದ. ಲೋಟ ಕೆಳಗಿಟ್ಟು ನಾನು ಬಾನೆಟ್ ಎತ್ತಿದೆ. ಸದ್ಯಕ್ಕೆ ನನ್ನಿಂದ ಆಗುತ್ತಿದ್ದದ್ದು ಅಷ್ಟೇ.

ತಂಗಿಗೆ ಕೀ ತಿರುಗಿಸಲು ಹೇಳಿದೆ. ಬ್ಯಾಟರಿ ಗಟ್ಟಿಯಾಗಿತ್ತು. ಆದರೆ ಎಂಜಿನ್ ಒಳಗೆ ಒತ್ತಡವೇ ಕಟ್ಟದೆ, ಹೊಲಿಗೆ ಯಂತ್ರದ ಹಾಗೆ ಸರ್ರನೆ ಸುತ್ತಿತು. ಆಗಲೇ ಅನುಮಾನ ಬಂತು. ಆಯಿಲ್ ಮುಚ್ಚಳ ತೆಗೆದು ಇಣುಕುತ್ತಾ ಇನ್ನೊಮ್ಮೆ ತಿರುಗಿಸಲು ಹೇಳಿದೆ. ಕೆಳಗೆ ಎಂಜಿನ್ ಸುತ್ತುತ್ತಿದ್ದರೂ ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಅಲ್ಲಾಡಲಿಲ್ಲ. ಎರಡನ್ನೂ ಜೊತೆಗೂಡಿಸುವ ಟೈಮಿಂಗ್ ಬೆಲ್ಟ್ ಹೋಗಿದೆ ಎಂದು ಖಚಿತವಾಯಿತು.

ಕವರ್ ಬಿಚ್ಚಿದೆ. ಬೆಲ್ಟಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದೆ.

ತಾನಾಗಿ ಹರಿದ ಬೆಲ್ಟಿಗೆ ನೂಲು ಕಿತ್ತಿರುತ್ತದೆ, ಹಲ್ಲು ಉದುರಿರುತ್ತದೆ. ಇದು ನುಣ್ಣಗೆ, ಓರೆಯಾಗಿ ಕೊಯ್ದದ್ದು. ಬಿಚ್ಚಿದ ಹಳೆಯ ಬೆಲ್ಟನ್ನು ಯಾವ ಕಳ್ಳನೂ ಇನ್ನೊಂದು ಗಾಡಿಗೆ ಹಾಕಬಾರದೆಂದು ಅಪ್ಪ ಹೀಗೆ ಓರೆಯಾಗಿ ಕೊಯ್ದು ಎಸೆಯುತ್ತಿದ್ದ, ನಮ್ಮಿಬ್ಬರಿಗೂ ಅದನ್ನೇ ಕಲಿಸಿದ್ದ. ತಂಗಿ ಗಾಬರಿಯಲ್ಲೂ ಮನೆಯ ಅಭ್ಯಾಸ ಬಿಟ್ಟಿರಲಿಲ್ಲ.

"ಸವೆದು ಹರಿದಿದೆ," ಎಂದೆ.

ಅವನು ಬಗ್ಗಿ ನೋಡಿದ. ಗಾಡಿಯ ಗಂಧಗಾಳಿ ಇಲ್ಲದಿದ್ದರೂ ಕಣ್ಣು ಕುರುಡಾಗಿರಲಿಲ್ಲ. "ಇದು ಸವೆದಿದ್ದಾ? ಬ್ಲೇಡಲ್ಲಿ ಕೊಯ್ದಿದಾಳೆ ನಿನ್ ತಂಗಿ!"

ರಾಡ್ ನನ್ನ ಭುಜಕ್ಕೆ ಬಿತ್ತು. ಮೂಳೆ ಲಟಕ್ಕೆಂದ ಸದ್ದು ನನಗೇ ಕೇಳಿಸಿತು. ನಾನು ನೆಲಕ್ಕೆ ಬಿದ್ದೆ.

"ಇದೇ ಬೆಲ್ಟಲ್ಲಿ ನಿನ್ ಚರ್ಮ ಸುಲೀತೀನಿ ಕಣೇ," ಎಂದು ಅವಳಿಗೆ ಕೂಗುತ್ತಾ ಬೆಲ್ಟನ್ನು ಎಳೆದ. ಅದು ಕೆಳಗೆ ಸಿಕ್ಕಿಕೊಂಡಿತ್ತು. ರಾಡ್ ಎಸೆದು, ಎಂಜಿನ್ನಿನ ಜೊತೆಗೇ ಸುತ್ತುವ ಫ್ಯಾನ್ ಬೆಲ್ಟಿನ ಪಕ್ಕದಿಂದ ಆಳಕ್ಕೆ ಕೈ ತೂರಿಸಿದ.

ತಂಗಿ ಕೀ ತಿರುಗಿಸಿದಳು.

ಒಂದು ಕ್ಷಣ ಸಾಕಾಯಿತು. ಫ್ಯಾನ್ ಬೆಲ್ಟ್ ಅವನ ಬೆರಳುಗಳನ್ನು ಪುಲ್ಲಿಯೊಳಕ್ಕೆ ಎಳೆದುಕೊಂಡು ನಿಂತುಬಿಟ್ಟಿತು. ಅವನ ಕಿರುಚಾಟ ತಗಡಿನ ಸೂರಿಗೆ ಬಡಿಯಿತು. ನಾನು ಒಂದೇ ಕೈ ಊರಿ ಎದ್ದು, ಉದ್ದ ಹಿಡಿಯ ಸ್ಪ್ಯಾನರನ್ನು ಪುಲ್ಲಿಯ ಬೋಲ್ಟಿಗೆ ಸಿಕ್ಕಿಸಿದೆ. ಹಿಂದಕ್ಕೆ ತಿರುಗಿಸಿದರೆ ಕೈ ಬಿಡುತ್ತದೆ, ಮುಂದಕ್ಕೆ ತಿರುಗಿಸಿದರೆ ಇನ್ನಷ್ಟು ಒಳಗೆ ಹೋಗುತ್ತದೆ.

"ಮಗು ಎಲ್ಲಿ?"

ಅವನು ನನ್ನ ಅಮ್ಮನನ್ನು ಬೈದ. ನಾನು ಮುಂದಕ್ಕೆ ತಿರುಗಿಸಿದೆ. ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

"ಹಿಂದಿನ ಬೀದಿ... ಬಣ್ಣದಂಗಡಿ ಮಹಡಿ... ಕೀ ಜೇಬಲ್ಲಿದೆ, ಬಿಡೇ ಮಾರಾಯ್ತಿ!"

ತಂಗಿ ಅವನ ಜೇಬಿನಿಂದ ಕೀ ಕಿತ್ತುಕೊಂಡು ಬರಿಗಾಲಲ್ಲೇ ಓಡಿದಳು. ಅವನು ಬೇಡಿದ, ಅತ್ತ, ಅಕ್ಕಾ ಎಂದ. ಎಂಜಿನ್ ಮೇಲೆ ರಕ್ತ ಹರಿಯುತ್ತಿತ್ತು. ಹೇಳಿದ್ದು ಸುಳ್ಳಾಗಿದ್ದರೆ ಎಂದು ನಾನು ಸ್ಪ್ಯಾನರ್ ಬಿಡಲಿಲ್ಲ. ನಡುವೆ ಇನ್ನೊಮ್ಮೆ ಮುಂದಕ್ಕೆ ತಿರುಗಿಸಿದೆ. ಆಗ ಕೇಳುವುದೇನೂ ಉಳಿದಿರಲಿಲ್ಲ.

ಅವನು ಕಿರುಚುತ್ತಿದ್ದಾಗಲೇ ತಂಗಿ ಬಾಗಿಲಲ್ಲಿ ಬಂದು ನಿಂತಳು. ಮಗು ಅವಳ ಕೈ ಹಿಡಿದಿತ್ತು. ನನ್ನ ಕಣ್ಣು ತುಂಬಿ ಬಂತು. ಬೋಲ್ಟನ್ನು ಹಿಂದಕ್ಕೆ ತಿರುಗಿಸಿ, ಸ್ಪ್ಯಾನರ್ ಕೆಳಗಿಟ್ಟು, "ಬಾ ಪುಟ್ಟಾ, ದೊಡ್ಡಮ್ಮನ ಹತ್ರ ಬಾ," ಎಂದು ಕೈ ಚಾಚಿದೆ.

ಮಗು ಅಪ್ಪನ ಕಡೆ ನೋಡಿತು, ನನ್ನ ಕಡೆ ನೋಡಿತು. ಆಮೇಲೆ ಅಮ್ಮನ ಹಿಂದೆ ಅವಿತುಕೊಂಡು, "ದೊಡ್ಡಮ್ಮ ಬೇಡ," ಎಂದಿತು.