ಟಕ್ ಎಂದ ಸೀಲ್

ನಮ್ಮ ರೂನೊ ದ್ವೀಪದಲ್ಲಿ, ಸೀಲ್ ಎಂಬ ಕಡಲಪ್ರಾಣಿಯ ಬೇಟೆಗೆ ಹೋಗುವ ದೋಣಿಯಲ್ಲಿ ಜಾಗವಿಲ್ಲದ ಗಂಡಸಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ನನಗೋ ಮಲೇನಾಳೇ ಬೇಕಿತ್ತು. ಅವಳಪ್ಪ ಇಸಾಕನ ದೋಣಿಯಲ್ಲಿ ಆ ವರ್ಷ ಒಂದು ಜಾಗ ಖಾಲಿಯಿತ್ತು. ನಾಚಿಕೆ ಬಿಟ್ಟು ಆ ಜಾಗ ಕೇಳಿಯೇಬಿಟ್ಟೆ.

“ಲೋ ಸೀಮೋನ, ಸೀಲ್ ಹತ್ರ ಹೋಗ್ಬೇಕಾದ್ರೆ ಸೀಲ್ ಥರಾನೇ ತೆವಳ್ಬೇಕು ಕಣೋ. ನೀನು ತೆವಳಿದ್ರೆ ಗಬ್ಬದ ಹಸು ಜಾರಿ ಬಿದ್ದಂಗಿರುತ್ತೆ,” ಎಂದ ಮುದುಕ. “ಮೊದ್ಲು ಒಂದು ಹೊಡ್ಕೊಂಡ್ ಬಾ. ಆಮೇಲೆ ಜಾಗ ಕೇಳು.”

ದೋಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮಾರನೆಯ ದಿನ ಅವರು ಹಿಮದ ಮೇಲೆ ದೋಣಿ ಎಳೆದುಕೊಂಡು ನೀರಿನಂಚಿಗೆ ಹೋದ ಮೇಲೆ, ಸೀಲ್ ಚರ್ಮದ ಅಂಗಿ ತೊಟ್ಟು, ಬಂದೂಕು ಹಿಡಿದು, ಹೆಪ್ಪುಗಟ್ಟಿದ ಕಡಲ ಮೇಲೆ ಒಬ್ಬನೇ ಹೊರಟೆ. ಒಬ್ಬನೇ ಹೋಗುವುದು ಹುಚ್ಚುತನವೆಂದು ಗೊತ್ತಿತ್ತು. ಹುಚ್ಚೇ ಹಿಡಿದಿತ್ತು ನನಗೆ.

ಮಂಜು ಮುಸುಕಿತ್ತು. ಅದರೊಳಗೆ, ಅಗೋ, ಕಪ್ಪಗೆ ಉದ್ದಕ್ಕೆ ಮಲಗಿದೆ! ದಡೂತಿ ಪ್ರಾಣಿ! ಧೊಪ್ಪನೆ ಹೊಟ್ಟೆಯ ಮೇಲೆ ಬಿದ್ದೆ. ಅದು ತಲೆ ಎತ್ತಿದಾಗ ನಾನೂ ಎತ್ತಿದೆ, ಉಗುರಿನಿಂದ ಹಿಮ ಕೆರೆದೆ, ಜೋಡಿಸಿದ ಕಾಲು ಆಡಿಸಿದೆ. ಅದು ತಲೆ ಇಳಿಸಿದಾಗ ತೆವಳಿದೆ. ಅದೂ ಕೆರೆಯಿತು! ನನ್ನನ್ನು ನಂಬಿಬಿಟ್ಟಿತ್ತು! ನಾನು ಮುಂದೆ ಸರಿದರೆ ಅದೂ ನನ್ನತ್ತಲೇ ಸರಿಯಿತು. ಗುಂಡು ತಾಕುವಷ್ಟು ಹತ್ತಿರ ಬಂದಾಗ ಮೆಲ್ಲಗೆ ಬಂದೂಕು ಚಾಚಿ ಗುರಿಯಿಟ್ಟೆ, ಅದರ ಕುದುರೆ ಎಳೆಯಲು ಬೆರಳಿಟ್ಟೆ.

ಟಕ್!

ನನ್ನ ಬಂದೂಕಲ್ಲ. ಟಕ್ ಎಂದದ್ದು ಸೀಲ್.

“ಥೂ, ದರಿದ್ರದ ಮದ್ದು! ಮತ್ತೆ ಒದ್ದೆ ಆಯ್ತಲ್ಲಪ್ಪಾ!”

ಇಸಾಕನ ದನಿ. ದೋಣಿ ಬಿಟ್ಟು ಅವನೂ ನನ್ನಂತೆಯೇ ಚರ್ಮದಂಗಿ ತೊಟ್ಟು ಸೀಲ್ ಹಾಗೆ ತೆವಳುತ್ತಿದ್ದ. ಮೊದಲು ನಗು ಬಂತು. ಆಮೇಲೆ ಆ ಗುಂಡು ಯಾರ ತಲೆಗೆ ಹಾರಬೇಕಿತ್ತೆಂದು ಹೊಳೆಯಿತು. ನನ್ನ ಬೆರಳೂ ಆಗಲೇ ಅರ್ಧ ಮಡಿಚಿಕೊಂಡಿತ್ತು. ದಡಬಡಿಸಿ ಎದ್ದೆ.

“ಹೊಡೀಬೇಡಿ ಮಾವಾ! ನಾನು ಸೀಮೋನ!”

ಎದ್ದು ನಿಂತು ಮಾತಾಡುವ ಸೀಲ್ ಕಂಡು ಮುದುಕನ ಕೈಯಿಂದ ಬಂದೂಕು ಜಾರಿತು. ಬೀಳುತ್ತಾ ಏಳುತ್ತಾ ಓಡಿಬಂದು ನನ್ನ ಕೊರಳಪಟ್ಟಿ ಹಿಡಿದ.

“ನೀನೇನೋ ಅದು? ಕೆರೆದಿದ್ದು, ಕಾಲು ಆಡ್ಸಿದ್ದು?”

“ಹೂಂ. ನೀವೂ ಕೆರೆದ್ರಲ್ಲಾ!”

“ಒಳ್ಳೇ ದಪ್ಪ ಹೆಣ್ ಸೀಲು, ನನ್ನ ಮೇಲೆ ಮನಸ್ಸಾಗಿದೆ ಅನ್ಕೊಂಡ್ನಲ್ಲೋ, ಮುಂಡೇದೇ!”

ಬಿದ್ದೂಬಿದ್ದೂ ನಕ್ಕ. ನಗು ನಡುವೆಯೇ ಅಳುವಾಯಿತು. ಎರಡೂ ಕೈಯಿಂದ ನನ್ನ ಮುಖ, ತಲೆ ಎಲ್ಲ ಸವರಿದ.

“ಮಲೇನಾಗೆ ಏನಂತ ಹೇಳ್ತಿದ್ದೆನೋ ನಾನು?”

ನನ್ನ ಮನಸ್ಸಿನಲ್ಲಿದ್ದದ್ದೆಲ್ಲ ಅವನಿಗೆ ಗೊತ್ತಿತ್ತು!

“ನಡಿ ದೋಣಿಗೆ,” ಎಂದ.

“ಸೀಲ್ ಹೊಡೀಲಿಲ್ವಲ್ಲ ಮಾವ...”

“ಬಾಯ್ ಮುಚ್ಕೊಂಡ್ ಬಾ. ನನ್ ಎದುರಿಗೇ ಕೂತ್ಕೋಬೇಕು. ಇನ್ಮೇಲೆ ನನ್ ಕಣ್ಣಿಂದ ಮರೆ ಆಗ್ಕೂಡ್ದು ನೀನು.”

ನನ್ನ ತೋಳು ಹಿಡಿದವನು ದೋಣಿ ಸಿಗುವವರೆಗೂ ಬಿಡಲಿಲ್ಲ.